ಆಯಿಲ್ ಎಲ್ಲಿಗೆ ಹೋಯಿತು?

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಟ್ಟ ಇಳಿಯಲು ಹೊರಟಾಗ ಸಂಜೆ ನಾಲ್ಕೂವರೆ. ಮಳೆ ಆಗಷ್ಟೇ ನಿಂತು ಕಣಿವೆಯಿಂದ ಮಂಜು ಏಳುತ್ತಿತ್ತು. ಒಂದು ತಿರುವಿನಲ್ಲಿ ಬಲಕ್ಕೆ ಸ್ಟೀರಿಂಗ್ ತಿರುಗಿಸಿದ್ದೇ ತಡ, ಮೀಟರಿನ ಮೂಲೆಯಲ್ಲಿ ಕೆಂಪು ದೀಪವೊಂದು ಮಿನುಗಿ ಆರಿತು. ಹ್ಯಾಂಡ್‌ಬ್ರೇಕ್ ಮುಟ್ಟಿ ನೋಡಿದೆ, ಪೂರ್ತಿ ಕೆಳಗಿತ್ತು. ನೇರ ರಸ್ತೆಗೆ ಬಂದರೆ ದೀಪ ಇಲ್ಲ. ಮತ್ತೆ ತಿರುವು, ಮತ್ತೆ ಮಿನುಗು. ಪಕ್ಕದಲ್ಲಿ ಕೂತಿದ್ದ ಹೆಂಡತಿ “ಅದೇನ್ರೀ ಕೆಂಪಗೆ?” ಎಂದಳು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಮಾತಾಡಲಿಲ್ಲ, ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

ರಸ್ತೆ ಸ್ವಲ್ಪ ಅಗಲವಾದ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ‘ಮಿನ್’ ಗೆರೆಗೆ ತಾಗಿಕೊಂಡಿತ್ತು. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ತುಳುಕಿದಾಗ ಡಬ್ಬಿಯೊಳಗಿನ ತೇಲುಗುಂಡು ಕೆಳಗಿಳಿದು ದೀಪ ಹೊತ್ತಿಸುತ್ತಿತ್ತು, ಗಾಡಿ ನೆಟ್ಟಗಾದ ಕೂಡಲೇ ಆರಿಸುತ್ತಿತ್ತು. ನಾಲ್ಕು ಚಕ್ರಗಳ ಒಳಬದಿಗೆ ಬಗ್ಗಿ ನೋಡಿದೆ, ಎಲ್ಲೂ ಸೋರಿದ ಗುರುತಿಲ್ಲ. ಎಂಜಿನ್ ಓಡುತ್ತಿರುವಂತೆಯೇ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿದೆ. ಕಾಲ ಕೆಳಗೆ ಗಟ್ಟಿಯಾಗಿ ನಿಂತಿತು, ಕುಸಿಯಲಿಲ್ಲ. ಇಷ್ಟು ಖಾತ್ರಿಯಾದ ಮೇಲೆ ಎರಡನೇ ಗೇರಿನಲ್ಲೇ ಮೆಲ್ಲಗೆ ಇಳಿದು ಉಜಿರೆ ಸೇರಿದೆವು. ಪೆಡಲ್ ಒಂದಿಷ್ಟು ಮೆತ್ತಗಾಗಿದ್ದಿದ್ದರೂ ಆ ಜಾಗ ಬಿಟ್ಟು ಒಂದಡಿ ಮುಂದೆ ಹೋಗುತ್ತಿರಲಿಲ್ಲ.

ಉಜಿರೆಯ ರಸ್ತೆ ಬದಿಯಲ್ಲಿ ಅರವತ್ತು ದಾಟಿದ ಮೆಕ್ಯಾನಿಕ್ ಒಬ್ಬರು ಸಿಕ್ಕರು. “ಸ್ವಲ್ಪ ಬ್ರೇಕ್ ಆಯಿಲ್ ಹಾಕಿಕೊಡಿ ಅಣ್ಣ, ಕಡಿಮೆಯಾಗಿದೆ” ಎಂದೆ. ಅವರು ಬಾನೆಟ್ ಕಡೆಗೆ ಹೋಗಲೇ ಇಲ್ಲ. “ಹಾಕ್ಲಿಕ್ಕೆ ಎಂತ, ಈಗ್ಲೇ ಹಾಕ್ಬಹುದು. ಇದ್ದ ಆಯಿಲ್ ಎಲ್ಲಿಗೆ ಹೋಯ್ತು ಅಂತ ಮೊದಲು ನೋಡುವ ಅಲ್ವಾ ಮಾರಾಯ್ರೆ?” ಎನ್ನುತ್ತ ಒಂದೊಂದೇ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ರಿಮ್ಮಿನಿಂದ ಎರಡು ಬೆರಳು ದೂರದಲ್ಲಿ ಅಂಗೈ ಹಿಡಿದರು. ಒಲೆಯ ಮೇಲಿನ ಕಾವಲಿ ಕಾದಿದೆಯೇ ಎಂದು ಹೆಂಗಸರು ನೋಡುತ್ತಾರಲ್ಲ, ಹಾಗೆ. ಘಟ್ಟ ಇಳಿದು ಬಂದ ಗಾಡಿಯ ಮುಂದಿನ ಚಕ್ರಗಳೆರಡೂ ಬಿಸಿಯಾಗಿರುವುದು ಸಹಜ. ಆದರೆ ಎಡ ಮುಂಚಕ್ರದ ಹತ್ತಿರ ಅವರು ಕೈ ಸರಕ್ಕನೆ ಹಿಂದೆ ಎಳೆದುಕೊಂಡರು. “ಇಲ್ಲುಂಟು ನೋಡಿ” ಎಂದರು.

ಆ ಸಂಜೆ ಕಲಿತದ್ದನ್ನು ಹೇಳಲೆಂದೇ ಈ ಬರಹ. ಡ್ಯಾಶ್‌ಬೋರ್ಡಿನ ದೀಪ ಹೊತ್ತಿದರೆ ನಾವು ದೀಪ ಆರಿಸುವ ದಾರಿ ಹುಡುಕುತ್ತೇವೆ. ದೀಪಕ್ಕೆ ತಿಳಿದಿರುವುದು ತೀರ ಸ್ವಲ್ಪ. ಎಲ್ಲೋ ಏನೋ ಕಡಿಮೆಯಾಗಿದೆ, ಎಲ್ಲಿಂದಲೋ ಸುದ್ದಿ ಬರುತ್ತಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಉಳಿದ ಕಥೆ ಇರುವುದು ಚಕ್ರದ ಹತ್ತಿರ. ಅದನ್ನು ಕಣ್ಣು, ಕಿವಿ, ಮೂಗು, ಅಂಗೈಯಿಂದಲೇ ಓದಬೇಕು.

ಮೊದಲು ದೀಪಗಳ ಭಾಷೆ. ಕೀಲಿ ತಿರುಗಿಸಿದ ಕ್ಷಣ ಎಚ್ಚರಿಕೆ ದೀಪಗಳು ಹೊತ್ತಿ, ಎಂಜಿನ್ ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹೊತ್ತು ಅದು. ಆ ಹೊತ್ತಿನಲ್ಲಿ ಬ್ರೇಕ್ ದೀಪವಾಗಲಿ ಎಬಿಎಸ್ ದೀಪವಾಗಲಿ ಹೊತ್ತಲೇ ಇಲ್ಲವೆಂದರೆ ಅದೂ ಒಂದು ದೋಷವೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಕಡ್ಡಾಯವಾಗಿ ನೋಡಬೇಕು. ದೋಷ ಮುಚ್ಚಿಡಲು ದೀಪದ ಸಂಪರ್ಕವನ್ನೇ ಕಿತ್ತು ಮಾರುವವರಿದ್ದಾರೆ.

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪ ಮೂಲ ಬ್ರೇಕಿಗೆ ಸಂಬಂಧಿಸಿದ್ದು. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಹೊತ್ತುತ್ತದೆ, ಆಯಿಲ್ ಇಳಿದರೂ ಹೊತ್ತುತ್ತದೆ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕಿಗೆ ‘ಪಿ’ ಅಕ್ಷರದ ಬೇರೆ ದೀಪ ಇರುತ್ತದೆ. ಹಳದಿ ಬಣ್ಣದ ಎಬಿಎಸ್ ದೀಪದ ಮಾತೇ ಬೇರೆ. ಅದೊಂದೇ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ ಮಾತ್ರ ರಜೆ ಹಾಕಿರುತ್ತದೆ. ಒಣ ರಸ್ತೆಯಲ್ಲಿ ಮುಂದಿನ ವಾಹನದಿಂದ ದೂರ ಬಿಟ್ಟು ಗ್ಯಾರೇಜಿನವರೆಗೆ ಓಡಿಸಬಹುದು. ಕೆಂಪೂ ಹಳದಿಯೂ ಒಟ್ಟಿಗೆ ಹೊತ್ತಿದರೆ ಹಾಗೆ ಓಡಿಸಬಾರದು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚಿಕೊಡುವ ಇಬಿಡಿ ಕೂಡ ನಿಂತಿರುವ ಸಾಧ್ಯತೆ ಹೆಚ್ಚು. ಆಗ ಜೋರಾಗಿ ಒತ್ತಿದರೆ ಹಿಂದಿನ ಚಕ್ರಗಳು ಮೊದಲು ಜಾಮ್ ಆಗಿ ಗಾಡಿ ಗಿರ್ರನೆ ತಿರುಗಿಬಿಡಬಹುದು. ಅಂಥ ಗಾಡಿಯನ್ನು ನಿಂತಲ್ಲೇ ಬಿಟ್ಟು ಟೋಯಿಂಗಿಗೆ ಫೋನ್ ಮಾಡುವುದೇ ಸರಿ.

ಮತ್ತೆ ಉಜಿರೆಗೆ ಬರೋಣ. ಅಣ್ಣ ಎಡ ಮುಂಚಕ್ರ ಬಿಚ್ಚಿದರು. ಡಿಸ್ಕಿನ ಹೊರಬದಿಯ ಪ್ಯಾಡ್ ಚೆನ್ನಾಗಿಯೇ ಇತ್ತು, ಅರ್ಧದಷ್ಟು ಉಳಿದಿತ್ತು. ಅಲಾಯ್ ರಿಮ್ಮಿನ ಕಡ್ಡಿಗಳ ಸಂದಿಯಿಂದ ನಾನು ಆಗಾಗ ಇಣುಕಿ ನೋಡಿ ಸಮಾಧಾನಪಡುತ್ತಿದ್ದದ್ದು ಇದನ್ನೇ. ಅವರು ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎತ್ತಿ ಒಳಬದಿಯ ಪ್ಯಾಡ್ ತೆಗೆದು ನನ್ನ ಕೈಗಿಟ್ಟರು. ಹೊಸತಿರುವಾಗ ಸುಮಾರು 10 ಮಿಲಿಮೀಟರ್ ದಪ್ಪದ ಸವೆಯುವ ಪದರ ಇರಬೇಕಾದಲ್ಲಿ ಉಗುರಿನಷ್ಟು ತೆಳ್ಳಗಿನ ಒಂದು ಲೇಪ ಉಳಿದಿತ್ತು, ಒಂದು ತುದಿಯಲ್ಲಿ ಅದೂ ಇಲ್ಲ. ಅಲ್ಲಿ ಬರೀ ಕಬ್ಬಿಣ ಮಿಂಚುತ್ತಿತ್ತು. ಆ ಪ್ಯಾಡಿನ ಭರವಸೆಯ ಮೇಲೆ ನನ್ನ ಮನೆಯವರನ್ನೆಲ್ಲ ಕೂರಿಸಿಕೊಂಡು ನಾನು ಘಟ್ಟ ಇಳಿದಿದ್ದೆ. ಕೈಯಲ್ಲಿದ್ದ ಪ್ಯಾಡ್ ಇನ್ನೂ ಬೆಚ್ಚಗಿತ್ತು.

ಒಂದೇ ಚಕ್ರದ ಎರಡು ಪ್ಯಾಡ್‌ಗಳಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಇರುವುದು ಕ್ಯಾಲಿಪರಿನ ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ನೇರವಾಗಿ ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಪ್ರತಿಯಾಗಿ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಒತ್ತುತ್ತದೆ. ಪಿನ್ನಿನ ರಬ್ಬರ್ ಟೋಪಿ ಹರಿದು ಒಳಗೆ ನೀರು ಸೇರಿದರೆ ತುಕ್ಕು ಹಿಡಿದು ಪಿನ್ ಕಚ್ಚಿಕೊಳ್ಳುತ್ತದೆ. ಕ್ಯಾಲಿಪರ್ ಜಾರುವುದಿಲ್ಲ. ಕೆಲಸದ ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ಕಾಲು ತೆಗೆದ ಮೇಲೂ ಪ್ಯಾಡ್ ಪೂರ್ತಿ ಬಿಡದೆ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ನಮ್ಮ ಗಾಡಿಯಲ್ಲಿ ಕೆಳಗಿನ ಪಿನ್ ಹೊರಗೆ ಬರಲು ಸುತ್ತಿಗೆಯ ಏಟು ಬೇಕಾಯಿತು.

ಇನ್ನು ಆಯಿಲ್. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಮುಂದೆ ಬರುತ್ತದೆ, ಅದರ ಹಿಂದೆ ಖಾಲಿಯಾದ ಜಾಗವನ್ನು ತುಂಬಲು ಡಬ್ಬಿಯಿಂದ ಆಯಿಲ್ ಇಳಿದು ಬರುತ್ತದೆ. ಎಲ್ಲೂ ಸೋರಿಲ್ಲ, ಆವಿಯಾಗಿಲ್ಲ, ಮೇಲಿದ್ದದ್ದು ಕೆಳಗೆ ಹೋಗಿ ಕೂತಿದೆ. ಅಣ್ಣ ಪಿನ್ನುಗಳನ್ನು ಎಮರಿ ಕಾಗದದಿಂದ ಉಜ್ಜಿ, ಬಿಸಿ ತಡೆಯುವ ಬ್ರೇಕ್ ಗ್ರೀಸ್ ಹಚ್ಚಿದರು. ಮಾಮೂಲಿ ಚಾಸಿ ಗ್ರೀಸ್ ಇಲ್ಲಿಗೆ ಆಗದು, ರಬ್ಬರ್ ಉಬ್ಬಿಸಿ ಮತ್ತೆ ಪಿನ್ ಹಿಡಿಯುವಂತೆ ಮಾಡುತ್ತದೆ. ಎರಡೂ ಮುಂಚಕ್ರಗಳಿಗೆ ಹೊಸ ಪ್ಯಾಡ್ ತರಿಸಿದರು. ಒಂದು ಬದಿಗೆ ಮಾತ್ರ ಹಾಕಿದರೆ ಹಿಡಿತ ಏರುಪೇರಾಗುತ್ತದೆ, ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಆಮೇಲೆ ನನ್ನನ್ನು ಬಾನೆಟ್ ಹತ್ತಿರ ನಿಲ್ಲಿಸಿ “ಡಬ್ಬಿ ನೋಡ್ತಾ ಇರಿ” ಎಂದು ಕ್ಯಾಲಿಪರಿನ ಪಿಸ್ಟನ್ನನ್ನು ಮೆಲ್ಲಗೆ ಒಳಗೆ ತಳ್ಳಿದರು. ನನ್ನ ಕಣ್ಣೆದುರೇ ಡಬ್ಬಿಯಲ್ಲಿ ಆಯಿಲ್ ಏರತೊಡಗಿತು. ಬಲಚಕ್ರದ ಪಿಸ್ಟನ್ನನ್ನೂ ತಳ್ಳಿದ ಮೇಲೆ ಮಟ್ಟ ‘ಮ್ಯಾಕ್ಸ್’ ಗೆರೆಯ ಹತ್ತಿರ ಬಂದು ನಿಂತಿತು. ಹೊಸದಾಗಿ ಒಂದು ಹನಿಯನ್ನೂ ಹೊಯ್ದಿರಲಿಲ್ಲ.

ನಾನು ಕೇಳಿದಂತೆ ಅವರು ಮೊದಲೇ ಆಯಿಲ್ ತುಂಬಿದ್ದರೆ ದೀಪ ಆ ಕ್ಷಣವೇ ಆರುತ್ತಿತ್ತು. ಪ್ಯಾಡ್ ಸವೆದಿದೆ ಎಂದು ಹೇಳುತ್ತಿದ್ದ ಸಾಕ್ಷಿಯ ಬಾಯಿ ನಾನೇ ಮುಚ್ಚಿಸಿದಂತಾಗುತ್ತಿತ್ತು. ಎಷ್ಟೋ ಗ್ಯಾರೇಜುಗಳಲ್ಲಿ ಸರ್ವಿಸ್ ಎಂದರೆ ಎಲ್ಲ ಡಬ್ಬಿಗಳನ್ನೂ ‘ಮ್ಯಾಕ್ಸ್’ವರೆಗೆ ತುಂಬಿಸಿ ಬಿಲ್ಲು ಕೊಡುವುದು ಎಂದಾಗಿದೆ. ಬ್ರೇಕ್ ಆಯಿಲ್ ವಿಷಯದಲ್ಲಿ ಇದು ಅಪಾಯದ ಅಭ್ಯಾಸ ಎಂದು ನಾನು ದೃಢವಾಗಿ ನಂಬುತ್ತೇನೆ. ಹಾಗೆ ತುಂಬಿಸಿದ ಗಾಡಿಗೆ ಮುಂದೆ ಹೊಸ ಪ್ಯಾಡ್ ಹಾಕುವಾಗ ಹೆಚ್ಚಾದ ಆಯಿಲ್ ಉಕ್ಕಿ ಚೆಲ್ಲುತ್ತದೆ, ಚೆಲ್ಲಿದಲ್ಲಿ ಬಣ್ಣ ಸುಲಿದು ಬರುತ್ತದೆ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು.

ದೀಪಕ್ಕಿಂತ ಮೊದಲೇ ಗಾಡಿ ನನಗೆ ಹೇಳಿತ್ತು ಎಂಬುದು ಆಮೇಲೆ ಹೊಳೆಯಿತು. ಎರಡು ವಾರದಿಂದ ಹಂಪ್ ಹತ್ತಿರ ನಿಧಾನ ಮಾಡುವಾಗ ಎಡಗಡೆಯಿಂದ ‘ಕೀಂ’ ಎಂಬ ಸಣ್ಣ ಸದ್ದು ಬರುತ್ತಿತ್ತು. ಮಳೆಗಾಲದ ತುಕ್ಕು ಎಂದುಕೊಂಡಿದ್ದೆ. ರಾತ್ರಿಯಿಡೀ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿನ ಮೇಲೆ ಕೆಂಪು ತುಕ್ಕಿನ ತೆಳುಪದರ ಕೂರುವುದು ನಿಜ. ಅದು ಬೆಳಿಗ್ಗೆ ಮೊದಲ ನಾಲ್ಕೈದು ಸಲ ಬ್ರೇಕ್ ಒತ್ತುವಾಗ ಕರಕರ ಎಂದು, ಉಜ್ಜಿ ಹೋದ ಮೇಲೆ ಸುಮ್ಮನಾಗುತ್ತದೆ. ದಿನವಿಡೀ ಬರುವ ‘ಕೀಂ’ ಬೇರೆ. ಅನೇಕ ಪ್ಯಾಡ್‌ಗಳಿಗೆ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಪ್ಯಾಡ್ ಮುಗಿಯುತ್ತ ಬಂದಾಗ ಡಿಸ್ಕಿಗೆ ತಾಗಿ ಸದ್ದು ಮಾಡಲೆಂದೇ ಅದನ್ನು ಇಟ್ಟಿರುತ್ತಾರೆ. ಪದರ 3 ಮಿಲಿಮೀಟರಿಗೆ ಇಳಿಯಿತೆಂದರೆ ಬದಲಿಸುವ ಕಾಲ ಬಂತು. ಆ ಸದ್ದನ್ನೂ ಅಲಕ್ಷಿಸಿದರೆ ‘ಗರ್ರ್’ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜತೊಡಗಿ ಡಿಸ್ಕಿಗೂ ಗೀರು ಬೀಳುತ್ತದೆ.

ಆಯಿಲ್ ನಿಜವಾಗಿಯೂ ಸೋರುವುದೂ ಉಂಟು. ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಒಸರಿದರೆ ಚಕ್ರದ ಒಳಮೈ ಒದ್ದೆಯಾಗಿ ಧೂಳು ಮೆತ್ತಿಕೊಂಡಿರುತ್ತದೆ. ಮುಂಚಕ್ರಕ್ಕೆ ಹೋಗುವ ರಬ್ಬರ್ ಪೈಪು ಬಿರುಕು ಬಿಡಬಹುದು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಅದನ್ನು ಚೆನ್ನಾಗಿ ನೋಡಬಹುದು. ಎಲ್ಲೂ ಹನಿ ಕಾಣದೆ, ಪೆಡಲನ್ನು ಒಂದೇ ಸಮ ಒತ್ತಿ ಹಿಡಿದಾಗ ನಿಧಾನಕ್ಕೆ ನೆಲಕ್ಕಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಎಂದು ತಿಳಿಯಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕು ಸಲ ತುಳಿದ ಮೇಲೆ ಗಟ್ಟಿಯಾದರೆ ಪೈಪಿನಲ್ಲಿ ಏರ್ ಹಿಡಿದಿರುವ ಅನುಮಾನ. ತದ್ವಿರುದ್ಧವಾಗಿ ಪೆಡಲ್ ಕಲ್ಲಿನಂತಾಗಿ, ಎಷ್ಟು ತುಳಿದರೂ ಗಾಡಿ ನಿಲ್ಲಲು ಒಲ್ಲದಿದ್ದರೆ ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ನೋಡಬೇಕು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಕೆಳಗಿಳಿದರೆ ಬೂಸ್ಟರ್ ಸರಿಯಿದೆ.

ಓಡುತ್ತಿರುವಾಗಲೇ ಪೆಡಲ್ ಕುಸಿದರೆ ಏನು ಮಾಡಬೇಕೆಂದು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ತಿಳಿದಿರಬೇಕು. ಎಂಜಿನ್ ಆರಿಸಬೇಡಿ. ಆರಿಸಿದರೆ ಬೂಸ್ಟರಿನ ನೆರವೂ ಪವರ್ ಸ್ಟೀರಿಂಗೂ ಹೋಗುತ್ತವೆ. ಪೆಡಲನ್ನು ಪಟಪಟನೆ ತುಳಿಯಿರಿ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಮೆಲ್ಲಗೆ ಎಳೆಯಿರಿ. ಈಗಿನ ಕಾರುಗಳಲ್ಲಿ ಬ್ರೇಕಿನ ಪೈಪುಗಳನ್ನು ಎರಡು ಪ್ರತ್ಯೇಕ ದಾರಿಗಳಾಗಿ ಮಾಡಿರುತ್ತಾರೆ, ಬಹಳಷ್ಟರಲ್ಲಿ ಎಡ ಮುಂಚಕ್ರಕ್ಕೆ ಬಲ ಹಿಂಚಕ್ರ ಜೋಡಿ. ಒಂದು ದಾರಿ ಒಡೆದರೂ ಇನ್ನೊಂದರಲ್ಲಿ ಸ್ವಲ್ಪ ಬ್ರೇಕ್ ಉಳಿದಿರುತ್ತದೆ. ಪೆಡಲ್ ತುಂಬ ಕೆಳಗೆ ಹೋದರೂ ಕಾಲು ತೆಗೆಯದೆ ಇದ್ದ ಶಕ್ತಿಯೆಲ್ಲ ಹಾಕಿ ತುಳಿಯಬೇಕು.

ಘಟ್ಟದ ಮಾತು ಬಂತಲ್ಲ, ಆಯಿಲಿನ ಇನ್ನೊಂದು ಗುಣ ಹೇಳದೆ ಮುಂದೆ ಹೋಗಲಾರೆ. ನಮ್ಮ ಕಾರುಗಳಿಗೆ ಹಾಕುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳ ತೆರೆಯದಿದ್ದರೂ ರಬ್ಬರ್ ಪೈಪುಗಳ ಮೂಲಕ ತೇವ ಸೇರುತ್ತಲೇ ಇರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದಕ್ಕೆ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಒತ್ತಿಕೊಂಡು ಬಂದರೆ ಡಿಸ್ಕುಗಳು ನೂರಾರು ಡಿಗ್ರಿ ಕಾಯುತ್ತವೆ, ಆ ಬಿಸಿ ಕ್ಯಾಲಿಪರಿನೊಳಗಿನ ಆಯಿಲಿಗೂ ತಗಲುತ್ತದೆ. ಆಯಿಲ್ ಕುದಿದರೆ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಮುಗಿದು ಚಕ್ರಕ್ಕೆ ತಲುಪುವುದೇ ಇಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಾಗಲಿ ಶಿರಾಡಿಯಲ್ಲಾಗಲಿ ‘ಬ್ರೇಕ್ ಚೆನ್ನಾಗೇ ಇತ್ತು, ಇದ್ದಕ್ಕಿದ್ದಂತೆ ಹೋಯಿತು’ ಎನ್ನುವವರ ಅನುಭವದ ಹಿಂದೆ ಇದೂ ಒಂದು ಕಾರಣ ಇರಬಹುದು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂದು ಹಳೆಯ ಡ್ರೈವರುಗಳು ಹೇಳುವ ಮಾತು ಬಹುಮಟ್ಟಿಗೆ ಸರಿ. ಎರಡು ವರ್ಷಕ್ಕೊಮ್ಮೆ ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸತು ಹಾಕಿಸಿ, ಏರ್ ತೆಗೆಸಿ. ಅರ್ಧ ಬಳಸಿ ಶೆಲ್ಫಿನಲ್ಲಿಟ್ಟ ಬಾಟಲಿಯ ಆಯಿಲ್ ಬೇಡ. ಘಟ್ಟದ ಬುಡದಲ್ಲಿ ಕಾದ ಚಕ್ರಕ್ಕೆ ತಣ್ಣೀರು ಎರಚುವುದಂತೂ ಬೇಡವೇ ಬೇಡ. ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಎಬಿಎಸ್ ದೀಪದ ಹುಡುಕಾಟವೂ ಕೊನೆಗೆ ಚಕ್ರದ ಬುಡಕ್ಕೇ ಬರುತ್ತದೆ. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಕಾರಿಗೆ ತಂದ ಈ ವ್ಯವಸ್ಥೆ ಇಂದು ನಮ್ಮ ಸಣ್ಣ ಕಾರುಗಳಲ್ಲೂ ಇದೆ. ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್, ಅದರೆದುರು ತಿರುಗುವ ಹಲ್ಲಿನ ಉಂಗುರ ಅಥವಾ ಕಾಂತದ ಉಂಗುರ. ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂಬ ಸುದ್ದಿ ಸದಾ ಹೋಗುತ್ತಿರಬೇಕು. ಒಂದು ಚಕ್ರದ ಸುದ್ದಿ ನಿಂತರೂ ಕಂಪ್ಯೂಟರ್ ತನ್ನನ್ನು ತಾನೇ ಹಿಂತೆಗೆದುಕೊಂಡು ದೀಪ ಹೊತ್ತಿಸುತ್ತದೆ. ಸ್ಕ್ಯಾನರ್ ಹಾಕಿದರೆ ಸಿ0035ರಂಥ ಕೋಡ್ ಬರುತ್ತದೆ. ಎಡ ಮುಂಚಕ್ರದ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದು ಅದರ ಅರ್ಥ. ‘ಸರ್ಕ್ಯೂಟ್’ ಎಂಬ ಮಾತನ್ನು ಗಮನಿಸಬೇಕು. ಅದರಲ್ಲಿ ವೈರಿದೆ, ಪ್ಲಗ್ಗಿದೆ, ಸೆನ್ಸರೂ ಇದೆ. ಕೋಡ್ ನೋಡಿದ ಕೂಡಲೇ ಹೊಸ ಸೆನ್ಸರ್ ಹಾಕಿ, ದೀಪ ಮತ್ತೆ ಹೊತ್ತಿದಾಗ ಇನ್ನೊಂದು ಸೆನ್ಸರ್ ಹಾಕಿದ ಬಿಲ್ಲುಗಳನ್ನು ನಾನು ಕಂಡಿದ್ದೇನೆ. ಮೊದಲು ನೋಡಬೇಕಾದದ್ದು ವೈರನ್ನು ಇಲಿ ಕಡಿದಿದೆಯೇ, ಪ್ಲಗ್ಗಿನಲ್ಲಿ ಹಸಿರು ಕಿಲುಬು ಹಿಡಿದಿದೆಯೇ, ಸೆನ್ಸರಿನ ಮೂತಿಗೆ ಕೆಸರೋ ಕಬ್ಬಿಣದ ಪುಡಿಯೋ ಮೆತ್ತಿದೆಯೇ, ಉಂಗುರ ಬಿರುಕು ಬಿಟ್ಟಿದೆಯೇ ಎಂದು. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ನಿನ ಕೋಡ್ ಮಾತ್ರ ಓದುತ್ತವೆ. ‘ಕೋಡ್ ಇಲ್ಲ’ ಎಂದು ಅವು ತೋರಿಸಿದರೆ ಎಬಿಎಸ್ ಸರಿಯಿದೆ ಎಂದು ಅರ್ಥವಲ್ಲ. ಇನ್ನೊಂದು ಮಾತು. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಿನ ಕೆಳಗೆ ಗಡಗಡ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲೆತ್ತುವವರಿದ್ದಾರೆ. ಎತ್ತಬಾರದು, ಒತ್ತಿ ಹಿಡಿದೇ ಸ್ಟೀರಿಂಗ್ ತಿರುಗಿಸಬೇಕು.

ಮುಂಚಕ್ರದ ಉಳಿದ ಕಾಯಿಲೆಗಳಿಗೆ ದೀಪವೇ ಇಲ್ಲ. ಅಲ್ಲಿ ಕಿವಿ ಮತ್ತು ಕೈಯೇ ಗತಿ. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ರಸ್ತೆಯಂಚಿನ ಗುಂಡಿ, ಕುಸಿದ ಚರಂಡಿ ಮುಚ್ಚಳ, ಡಾಂಬರಿನ ಏಣು ಎಲ್ಲದರ ಏಟನ್ನೂ ಎಡ ಮುಂಚಕ್ರವೇ ಮೊದಲು ತಿನ್ನುತ್ತದೆ. ಸಣ್ಣ ಗುಂಡಿಗಳಲ್ಲಿ ನಿಧಾನಕ್ಕೆ ಹೋಗುವಾಗ ‘ಕಟಕಟ’ ಎಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡ್ ಇರಬಹುದು. ಪಾರ್ಕಿಂಗಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ‘ಟಕ್ ಟಕ್ ಟಕ್’ ಎಂದರೆ ಆಕ್ಸಲಿನ ಹೊರ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿರುತ್ತದೆ. ಬೂಟ್ ಹರಿದ ಹೊಸತರಲ್ಲೇ ಕಂಡರೆ ಬೂಟ್ ಬದಲಿಸಿದರೆ ಸಾಕು, ತಡವಾದರೆ ಜಾಯಿಂಟೇ ಹೋಗುತ್ತದೆ.

ಸ್ಟೀರಿಂಗ್ ನಡುಗುವುದನ್ನು ಎಲ್ಲರೂ ಅಲೈನ್‌ಮೆಂಟ್ ತಲೆಗೆ ಕಟ್ಟುತ್ತಾರೆ. ಹೈವೇಯಲ್ಲಿ ಗಂಟೆಗೆ 80ರಿಂದ 100 ಕಿ.ಮೀ. ವೇಗದಲ್ಲಿ ಮಾತ್ರ ನಡುಗಿ, ಅದರ ಆಚೆ ಈಚೆ ಸುಮ್ಮನಿದ್ದರೆ ಅದು ಬಹುಮಟ್ಟಿಗೆ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಗಾಡಿ ಒಂದು ಪಕ್ಕಕ್ಕೆ ಎಳೆಯುವುದರಲ್ಲೂ ಇಂಥದೇ ಭೇದವಿದೆ. ಸುಮ್ಮನೆ ಓಡುವಾಗ ಎಡಕ್ಕೆ ಎಳೆದು ಎಡಚಕ್ರ ಬಿಸಿಯಾಗುತ್ತಿದ್ದರೆ ಎಡ ಬ್ರೇಕ್ ಬಿಡುತ್ತಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಡೆಯದು ಹಿಡಿಯುತ್ತಿಲ್ಲ ಎಂದೂ ಆಗಬಹುದು. ಎಳೆದ ಕಡೆಯನ್ನೇ ಬಿಚ್ಚಿ ನೋಡಿ ‘ಎಲ್ಲ ಸರಿಯಿದೆ’ ಎನ್ನುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಇದಕ್ಕೆಲ್ಲ ಮೊದಲು ಟಯರಿನ ಗಾಳಿ ನೋಡಿ. ಒಂದು ಕಡೆ ಗಾಳಿ ಕಡಿಮೆಯಿದ್ದರೂ ಗಾಡಿ ಆ ಕಡೆಗೇ ಎಳೆಯುತ್ತದೆ.

ನನ್ನ ಗಾಡಿಯಲ್ಲಿ ಕಳೆದ ಚಳಿಗಾಲ ಒಂದು ಸದ್ದು ಶುರುವಾಯಿತು. ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವಂಥ ‘ಊಂ’ಕಾರ. ವೇಗ ಹೆಚ್ಚಿದಂತೆ ಏರುತ್ತಿತ್ತು. ಕ್ಲಚ್ ಒತ್ತಿ ಎಂಜಿನ್ ವೇಗ ಇಳಿಸಿದರೂ ಸದ್ದು ಇಳಿಯಲಿಲ್ಲ, ಹಾಗಾಗಿ ಎಂಜಿನ್ನಿನದಲ್ಲ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದರೂ ಸ್ವರ ಬದಲಾಗಲಿಲ್ಲ, ಆದ್ದರಿಂದ ಟಯರಿನ ಮೇಲಿನ ಅನುಮಾನವೂ ಕಡಿಮೆಯಾಯಿತು. ಖಾಲಿ ರಸ್ತೆಯಲ್ಲಿ ಬಲಕ್ಕೆ ಸ್ವಲ್ಪ ಬಾಗಿಸಿದಾಗ ಸದ್ದು ಜೋರಾಯಿತು, ಎಡಕ್ಕೆ ಬಾಗಿಸಿದಾಗ ಕಡಿಮೆಯಾಯಿತು. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ನರಳುತ್ತಿದ್ದದ್ದು ಎಡ ಮುಂಚಕ್ರದ ಬೇರಿಂಗ್ ಇರಬೇಕು ಎನಿಸಿತು.

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಎಡಬದಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು. ಚಕ್ರವನ್ನು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಅಲುಗಿಸಿದೆ, ಬಿಗಿಯಾಗಿತ್ತು. ಅಲ್ಲಿ ಆಟ ಇದ್ದಿದ್ದರೆ ಸ್ಟೀರಿಂಗಿನ ಟೈ ರಾಡ್ ಎಂಡ್ ನೋಡಬೇಕಿತ್ತು. ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಮೇಲೆ ಎಳೆದು ಕೆಳಗೆ ತಳ್ಳಿದಾಗ ಅಂಗೈಗೆ ಸಣ್ಣದಾಗಿ ‘ಟಿಕ್’ ಎಂಬ ಆಟ ಸಿಕ್ಕಿತು. ಇದು ಬೇರಿಂಗಿನದೂ ಇರಬಹುದು, ಬಾಲ್ ಜಾಯಿಂಟಿನದೂ ಇರಬಹುದು. ಬೇರ್ಪಡಿಸಿ ತಿಳಿಯಲು ಒಂದು ಉಪಾಯವಿದೆ, ಅದಕ್ಕೆ ಇನ್ನೊಬ್ಬರು ಬೇಕು. ಮಗಳನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

“ಬ್ರೇಕ್ ಒತ್ತಿ ಹಿಡ್ಕೋ ಪುಟ್ಟಿ.”

“ಒತ್ತಿದೀನಪ್ಪ.”

ಮತ್ತೆ ಅಲುಗಿಸಿದೆ. ಆಟ ಇಲ್ಲ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಡಿಸ್ಕನ್ನು ಬಿಗಿಯಾಗಿ ಹಿಡಿದು ಚಕ್ರ ಕೂರುವ ಹಬ್ ಮತ್ತು ಅದನ್ನು ಹೊತ್ತ ನಕಲ್ ಎರಡನ್ನೂ ಒಂದಾಗಿಸುತ್ತವೆ, ನಡುವೆ ಇರುವ ಬೇರಿಂಗಿನ ಸಡಿಲ ಅಡಗುತ್ತದೆ. ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಬ್ರೇಕ್ ಒತ್ತಿದರೂ ಆಟ ಹಾಗೇ ಉಳಿಯುತ್ತಿತ್ತು. “ಬಿಡು” ಎಂದೆ. ಟಿಕ್. “ಒತ್ತು.” ಇಲ್ಲ. ಅವಳಿಗೂ ಕುತೂಹಲ ಹುಟ್ಟಿ ಕೆಳಗಿಳಿದು ಬಂದು, ನನ್ನನ್ನು ಪೆಡಲ್ ಮೇಲೆ ಕೂರಿಸಿ, ತಾನೇ ಚಕ್ರ ಹಿಡಿದು ಅಲುಗಿಸಿ ನೋಡಿದಳು.

ಬೇರಿಂಗ್ ಹಾಕಿಸಲು ನಮ್ಮ ಬಡಾವಣೆಯ ಗ್ಯಾರೇಜಿಗೆ ಹೋದಾಗ ಅಲ್ಲಿನ ಹುಡುಗ ಹೊಸ ಬೇರಿಂಗನ್ನು ಪ್ರೆಸ್ಸಿಗೆ ಇಡುವ ಮೊದಲು ಒಂದು ಸಣ್ಣ ಪೇಪರ್ ಕ್ಲಿಪ್ಪನ್ನು ಅದರ ಎರಡೂ ಮುಖಗಳಿಗೆ ತಾಗಿಸಿದ. ಒಂದು ಮುಖಕ್ಕೆ ಕ್ಲಿಪ್ ಮೆಲ್ಲಗೆ ಅಂಟಿಕೊಂಡಿತು. ಇಂಥ ಬೇರಿಂಗುಗಳಲ್ಲಿ ಎಬಿಎಸ್ಸಿನ ಕಾಂತದ ಉಂಗುರ ಸೀಲಿನೊಳಗೇ ಇರುತ್ತದೆ, ಆ ಮುಖ ಸೆನ್ಸರಿನ ಕಡೆಗೇ ಬರಬೇಕು. ತಿರುವುಮುರುವು ಕೂರಿಸಿದರೆ ಸದ್ದು ಹೋಗುತ್ತದೆ, ಎಬಿಎಸ್ ದೀಪ ಹೊತ್ತುತ್ತದೆ. ಆಗ ಎಲ್ಲರೂ ಸೆನ್ಸರನ್ನು ಬೈಯುತ್ತ ಕೂರಬೇಕು. ಹುಡುಗ ಕ್ಲಿಪ್ ತೆಗೆದು ಜೇಬಿಗೆ ಹಾಕಿಕೊಂಡು, ಬೇರಿಂಗನ್ನು ಸರಿಯಾದ ಮುಖಕ್ಕೆ ತಿರುಗಿಸಿ ಪ್ರೆಸ್ಸಿನ ಹಿಡಿ ಎಳೆದ.